ಮುದ್ರೆ, ಛಾಪು, ಅಚ್ಚು: ನಾಸಿಕ್ ರೋಡಿನ ಕ್ರಿಯಾಪದಗಳು

1855ರಿಂದ ಲಂಡನ್ನಿನ ಡಿ ಲಾ ರೂ ಕಂಪನಿಯಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದ ಭಾರತದ ಅಂಚೆಚೀಟಿಗಳು, ನಾಸಿಕ್ ರೋಡಿನಲ್ಲಿ 1925ರಲ್ಲಿ ಸರ್ಕಾರಿ ಭದ್ರತಾ ಮುದ್ರಣಾಲಯ ಆರಂಭವಾದ ಮೇಲೆ ಈ ನೆಲದಲ್ಲೇ ತಯಾರಾಗತೊಡಗಿದವು. 1928ರಲ್ಲಿ ಅಲ್ಲಿಯೇ ನೋಟು ಮುದ್ರಣಾಲಯವೂ ಐದು ರೂಪಾಯಿಯ ನೋಟಿನಿಂದ ಕೆಲಸ ಶುರುಮಾಡಿತು. ಅಲ್ಲಿ ನಡೆಯುವ ಕೆಲಸಕ್ಕೆ ಮರಾಠಿಗರು ‘ಛಾಪಣೆ’ ಎಂದರೆ ಕನ್ನಡಿಗರು ‘ಅಚ್ಚು ಹಾಕುವುದು’ ಎನ್ನುತ್ತಾರೆ. ಸಂಸ್ಥೆಯ ಹಿಂದಿ ಹೆಸರಿನಲ್ಲಿರುವುದು ಸಂಸ್ಕೃತದ ‘ಮುದ್ರಣ’. ಈ ಮೂರೂ ಮಾತುಗಳು ಯಂತ್ರಕ್ಕಿಂತ ಹಳೆಯವು.

ಸಂಸ್ಕೃತದ ‘ಮುದ್ರಾ’ ಎಂದರೆ ಉಂಗುರದಿಂದ ಒತ್ತಿದ ಗುರುತು. ಅದರಿಂದ ಹುಟ್ಟಿದ ‘ಮುದ್ರಯತಿ’ಗೆ ಮುದ್ರೆಯೊತ್ತು, ಭದ್ರವಾಗಿ ಮುಚ್ಚು ಎಂಬ ಅರ್ಥಗಳಿವೆ. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಅಮಾತ್ಯ ರಾಕ್ಷಸನ ಉಂಗುರ ಚಾಣಕ್ಯನ ಕೈಸೇರಿದ್ದರಿಂದಲೇ ಕಪಟಪತ್ರಕ್ಕೆ ರಾಕ್ಷಸನ ಅಧಿಕಾರ ಬರುತ್ತದೆ. ಮಾಧ್ವರು ಕಾಯಿಸಿದ ಲೋಹದ ಶಂಖಚಕ್ರಗಳ ಗುರುತನ್ನು ಮೈಮೇಲೆ ಪಡೆಯುವ ಮುದ್ರಾಧಾರಣೆಯಲ್ಲಿಯೂ, ದಾಸರ ಪದಗಳ ಕೊನೆಯ ಅಂಕಿತಕ್ಕಿರುವ ‘ಮುದ್ರಿಕೆ’ ಎಂಬ ಹೆಸರಿನಲ್ಲಿಯೂ ‘ಇದು ಇಂಥವರದು’ ಎಂದು ಸಾರುವ ಇದೇ ಅರ್ಥ ಉಳಿದಿದೆ.

‘ಛಾಪ್’ ಎಂಬುದಕ್ಕೂ ಒತ್ತಿದ ಗುರುತೆಂದೇ ಅರ್ಥ. ಮರಾಠಿಯಲ್ಲಿ ‘ಛಾಪಾ’ ಎಂದರೆ ಹಠಾತ್ ದಾಳಿಯೂ ಹೌದು. ವ್ಯಾಪಾರದ ಹಾದಿಯಲ್ಲಿ ಮಲಯ ಭಾಷೆಗೆ ಹೋದ ಈ ಪದ ಅಲ್ಲಿ ‘ಚಾಪ್’ ಆಗಿ ಮೊಹರನ್ನು ಸೂಚಿಸಿದರೆ, ಕನ್ನಡದಲ್ಲಿ ಅದು ‘ಛಾಪಾ ಕಾಗದ’ವಾಗಿ ನೆಲೆಸಿದೆ.

‘ಅಚ್ಚು’ ಬಂದದ್ದು ಎರಕದ ಕಡೆಯಿಂದ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವವರು ನೀರಿನಲ್ಲಿ ನೆನೆಸಿದ ಮರದ ಅಚ್ಚಿನ ಹೋಳುಗಳನ್ನು ಬಿಗಿದು, ಬಿಸಿ ಪಾಕ ಹೊಯ್ದು, ಗಟ್ಟಿಯಾದ ಮೇಲೆ ಬಿಡಿಸಿದರೆ ಪ್ರತಿ ಸಲವೂ ಅದೇ ಆಕೃತಿ ಸಿಗುತ್ತದೆ. ಸೀಸದ ಅಕ್ಷರಗಳು ಬಂದಾಗ ಅವು ‘ಅಚ್ಚಿನ ಮೊಳೆ’ಗಳಾದವು, 1843ರ ‘ಮಂಗಳೂರ ಸಮಾಚಾರ’ವನ್ನು ಹೊರತಂದ, ಕಲ್ಲಿನ ಮೇಲೆ ಬರೆದು ಪ್ರತಿ ತೆಗೆಯುವ ವಿಧಾನ ‘ಕಲ್ಲಚ್ಚು’ ಎನಿಸಿತು. ತಮಿಳು, ಮಲಯಾಳಗಳೂ ‘ಅಚ್ಚಡಿ’ ಎಂದು ಇದೇ ಪದವನ್ನು ಬಳಸಿದವು. ಇಂಗ್ಲಿಷಿನ ‘ಪ್ರಿಂಟ್’ ಕೂಡ ‘ಒತ್ತು’ ಎಂಬ ಅರ್ಥದ ಲ್ಯಾಟಿನ್ ‘ಪ್ರೆಮೆರೆ’ಯಿಂದ ಬಂದದ್ದು.

ಹೀಗೆ ಮುದ್ರೆ ಅಧಿಕಾರವನ್ನೂ ಅಚ್ಚು ಪುನರಾವರ್ತನೆಯನ್ನೂ ಹೇಳುತ್ತಿದ್ದವು. ಒಬ್ಬನ ಬೆರಳಲ್ಲಿದ್ದ ಉಂಗುರದ ಅಧಿಕಾರವನ್ನು ಲಕ್ಷಾಂತರ ಹಾಳೆಗಳಿಗೆ ಹಂಚಬೇಕಾದ ಆಧುನಿಕ ಸರ್ಕಾರ ಈ ಎರಡನ್ನೂ ನಾಸಿಕ್ ರೋಡಿನಂಥ ಕಾರ್ಖಾನೆಯಲ್ಲಿ ಕೂಡಿಸಿತು. 1996ರಿಂದ ನೋಟು ತಯಾರಿಸುತ್ತಿರುವ ಮೈಸೂರಿನ ಮುದ್ರಣಾಲಯದ್ದೂ ಇದೇ ಕೆಲಸ. ಖೋಟಾ ನೋಟು ಅಪರಾಧವಾಗುವುದು ಕೂಡ ಅದರಲ್ಲಿ ಅಚ್ಚಿನ ಕೌಶಲ ಎಷ್ಟೇ ಇದ್ದರೂ ಮುದ್ರೆಯ ಅಧಿಕಾರ ಇಲ್ಲದಿರುವುದರಿಂದಲೇ.