ಕೊಂದ ಮೇಲೆ ತೆಗೆದ ಚಿತ್ರ

ಬಸವಕಲ್ಯಾಣಕ್ಕೆ ಬರುವವರು ಕೋಟೆ, ಅನುಭವ ಮಂಟಪ, ರಾಜಾ ಬಾಗ್‌ಸವಾರರ ದರ್ಗಾ ನೋಡಿಕೊಂಡು ಮರಳುತ್ತಾರೆ. ಪಕ್ಕದ ನಾರಾಯಣಪುರಕ್ಕೆ ಹೋಗುವವರು ಕಡಿಮೆ. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವಿದೆ. ಅದರ ಶಿಲಾಬಾಲಿಕೆಯರ ಮುಂದೆ ನಿಂತಾಗ, ಇವರನ್ನು ಕಡೆದ ಶಿಲ್ಪಿ ಉಳಿ ಹಿಡಿಯುವ ಮೊದಲು ಎಷ್ಟು ದಿನ ಸುಮ್ಮನೆ ನೋಡುತ್ತ ಕುಳಿತಿದ್ದನೋ ಎಂದು ನಮಗೆ ಅನಿಸುತ್ತದೆ. ಜೀವವಿರುವುದನ್ನು ಚಿತ್ರಿಸಬೇಕಾದರೆ ಮೊದಲು ಅದರೆದುರು ಕಾಯಬೇಕು.

ಧ್ರುವಪ್ರದೇಶದ ಪ್ರಾಣಿಗಳ ಚಿತ್ರಗಳನ್ನು ನೋಡುವಾಗಲೂ ನಮಗೆ ಇದೇ ನೆನಪಾಗುತ್ತದೆ. ಉತ್ತರದ ಹಿಮಕರಡಿ, ದಕ್ಷಿಣದ ಪೆಂಗ್ವಿನ್ ಇವೆರಡರ ಮುಖವೂ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಆದರೆ ನಮ್ಮದೇ ದಖ್ಖನಿನ ಬಯಲುಗಳಲ್ಲಿ ಓಡಿದ ಚೀತಾದ ಮುಖ ಗೊತ್ತಿಲ್ಲ. ಕನ್ನಡದಲ್ಲಿ ಅದಕ್ಕೆ ಸಿವಂಗಿ ಎಂಬ ಹೆಸರಿತ್ತೆಂಬುದೂ ಮರೆತುಹೋಗಿದೆ. ಹತ್ತಿರದ್ದು ಅಪರಿಚಿತವಾಗಿ ದೂರದ್ದು ಪರಿಚಿತವಾದದ್ದು ಹೇಗೆ?

ಉತ್ತರ ಹುಡುಕಲು ಕಲ್ಯಾಣದಿಂದಲೇ ಹೊರಡಬಹುದು. ಇಲ್ಲಿ ಆಳಿದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಚಿತ್ರ ಬರೆಯುವ ಬಗೆ, ಬೇಟೆಯಾಡುವ ಬಗೆ ಎರಡನ್ನೂ ಅದು ವಿವರಿಸುತ್ತದೆ. ಪಳಗಿಸಿದ ಚೀತಾಗಳನ್ನು ಬಿಟ್ಟು ಕೃಷ್ಣಮೃಗಗಳನ್ನು ಹಿಡಿಸುವ ಬೇಟೆಯ ಬಗ್ಗೆ ನಮ್ಮ ದೇಶದಲ್ಲಿ ಸಿಗುವ ಬಹಳ ಹಳೆಯ ವಿವರಗಳು ಅದರಲ್ಲಿವೆ. ಮುಂದೆ ಮೊಗಲರೂ ಈ ಬೇಟೆಯ ಶೋಕಿ ಹಚ್ಚಿಕೊಂಡರು. ದೊರೆಗಳ ಧರ್ಮ ಬದಲಾದರೂ ಮೃಗದ ಪಾಡು ಬದಲಾಗಲಿಲ್ಲ.

ಕ್ಯಾಮೆರಾ ನಮ್ಮ ಸೀಮೆಗೆ ಬಂದಾಗ ಕಲ್ಯಾಣಿ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರು ಲಾಲಾ ದೀನದಯಾಳ್ (1844-1905). ನಿಜಾಮರು ಅವರಿಗೆ ‘ಮುಸವ್ವಿರ್ ಜಂಗ್’ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರಕಾರ. ರೂಪ ಕೊಡುವವನು ಎಂಬ ಅರ್ಥದಲ್ಲಿ ಅದು ಅಲ್ಲಾಹನ ನಾಮಗಳಲ್ಲೊಂದೂ ಹೌದು. ಜಂಗ್ ಎಂದರೆ ಯುದ್ಧ. ಆ ಕಾಲದ ಪ್ರಾಣಿಚಿತ್ರಗಳ ಕಥೆಯನ್ನು ಈ ಎರಡು ಪದಗಳೇ ಹೇಳಿಬಿಡುತ್ತವೆ. 1902ರಲ್ಲಿ ವೈಸರಾಯ್ ಕರ್ಜನ್ ಸಂಸ್ಥಾನಕ್ಕೆ ಶಿಕಾರಿಗೆ ಬಂದಾಗ ದೀನದಯಾಳರು ತೆಗೆದ ಚಿತ್ರ ಪ್ರಸಿದ್ಧವಾಗಿದೆ: ಕರ್ಜನ್ ದಂಪತಿ ನಿಂತಿದ್ದಾರೆ, ಮುಂದೆ ಹುಲಿ ಸತ್ತು ಬಿದ್ದಿದೆ. ನಮ್ಮ ಕಾಡಿನ ಪ್ರಾಣಿಗೆ ಕ್ಯಾಮೆರಾದ ಮುಂದೆ ಬರುವ ಅವಕಾಶ ಸಿಕ್ಕಿದ್ದು ಹೆಚ್ಚಾಗಿ ಹೀಗೆ, ಗುಂಡು ತಗುಲಿದ ಮೇಲೆ.

ಚೀತಾಕ್ಕೂ ಇದೇ ಗತಿಯಾಯಿತು. 1947ರಲ್ಲಿ ಮಧ್ಯ ಭಾರತದ ಕೊರಿಯಾ ಸಂಸ್ಥಾನದ ಮಹಾರಾಜರು ಒಂದೇ ರಾತ್ರಿ ಮೂರು ಚೀತಾಗಳನ್ನು ಹೊಡೆದರು. ಸತ್ತ ಮೂರನ್ನೂ ಮುಂದಿಟ್ಟುಕೊಂಡು ತೆಗೆಸಿದ ಚಿತ್ರ ಉಳಿದಿದೆ. 1952ರಲ್ಲಿ ಚೀತಾ ದೇಶದಿಂದ ಅಳಿದುಹೋಯಿತೆಂದು ಸರ್ಕಾರ ಸಾರಿತು. 2022ರಲ್ಲಿ ಮಧ್ಯಪ್ರದೇಶದ ಕುನೋಗೆ ಚೀತಾಗಳು ಬಂದವು, ಅವು ಆಫ್ರಿಕಾದವು. ನಮ್ಮ ಚೀತಾದ ವಂಶಕ್ಕೆ ಆ ಹೆಣದ ಚಿತ್ರವೇ ಕೊನೆಯ ಗವಾಹಿ.

ಕರ್ಜನ್ ಶಿಕಾರಿಯಾಡಿ ಒಂಬತ್ತು ವರ್ಷಕ್ಕೆ, 1911ರಲ್ಲಿ, ಭೂಮಿಯ ಇನ್ನೊಂದು ತುದಿಯಲ್ಲಿ ಬೇರೆ ಬಗೆಯ ಕೆಲಸ ನಡೆದಿತ್ತು. ದಕ್ಷಿಣಧ್ರುವಕ್ಕೆ ಹೊರಟಿದ್ದ ಕ್ಯಾಪ್ಟನ್ ಸ್ಕಾಟ್ ತಂಡದಲ್ಲಿ ಹರ್ಬರ್ಟ್ ಪಾಂಟಿಂಗ್ ಎಂಬ ಛಾಯಾಗ್ರಾಹಕನಿದ್ದ. ಗಾಜಿನ ಪ್ಲೇಟಿನ ಮೇಲೆ ಚಿತ್ರ ಮೂಡಿಸುವ ಕಾಲ ಅದು. ಹೊರಗಿನ ಚಳಿಯಿಂದ ಕ್ಯಾಮೆರಾವನ್ನು ಬೆಚ್ಚನೆಯ ಗುಡಿಸಲಿಗೆ ತಂದರೆ ಮಸೂರದ ಮೇಲೆ ತೇವ ಕಟ್ಟುತ್ತಿತ್ತು. ಬರಿಗೈ ಲೋಹಕ್ಕೆ ತಾಗಿದರೆ ಚರ್ಮ ಅಂಟಿಕೊಳ್ಳುತ್ತಿತ್ತು. ಒಮ್ಮೆ ಅವನ ನಾಲಿಗೆಯೇ ಕ್ಯಾಮೆರಾಕ್ಕೆ ಅಂಟಿತ್ತು. ಓರ್ಕಾ ತಿಮಿಂಗಿಲಗಳ ಚಿತ್ರ ತೆಗೆಯಲು ಹಿಮದ ಅಂಚಿಗೆ ಓಡಿದಾಗ ಅವು ಕೆಳಗಿನಿಂದ ಗುದ್ದಿ ಅವನು ನಿಂತ ಹಿಮವನ್ನೇ ಒಡೆದವು. ಕ್ಯಾಮೆರಾ ಬಿಡದೆ ತುಂಡಿನಿಂದ ತುಂಡಿಗೆ ಜಿಗಿದು ಅವನು ಬದುಕಿಕೊಂಡ. ಪೆಂಗ್ವಿನ್, ಸೀಲ್, ಕಡಲಹಕ್ಕಿಗಳನ್ನು ಅವುಗಳ ನೆಲೆಯಲ್ಲಿ, ಅವುಗಳ ಪಾಡಿಗೆ ಬಾಳುತ್ತಿರುವಾಗಲೇ ಅವನು ಹಿಡಿದ.

ಹಾಗೆಂದು ಧ್ರುವಕ್ಕೆ ಹೋದ ಬಿಳಿಯರೆಲ್ಲ ಕರುಣಾಳುಗಳೆಂದು ನಾವು ಭಾವಿಸಬೇಕಿಲ್ಲ. ಪಾಂಟಿಂಗನ ಸಂಗಡಿಗರು ಸೀಲ್, ಪೆಂಗ್ವಿನ್‌ಗಳನ್ನು ಕೊಂದು ತಿನ್ನುತ್ತಿದ್ದರು. ತೊಗಲಿಗಾಗಿ ಸೀಲ್‌ಗಳನ್ನು, ಎಣ್ಣೆಗಾಗಿ ತಿಮಿಂಗಿಲಗಳನ್ನು ಆ ಕಡಲುಗಳಲ್ಲಿ ಲಕ್ಷಗಟ್ಟಲೆ ಕೊಲ್ಲಲಾಯಿತು. ಕರ್ಜನ್ ಬಂದ ಸಾಮ್ರಾಜ್ಯದಿಂದಲೇ ಪಾಂಟಿಂಗನೂ ಬಂದಿದ್ದ. ನಮ್ಮ ಊಹೆಯಲ್ಲಿ ಎರಡರ ನಡುವಿನ ವ್ಯತ್ಯಾಸ ಇಷ್ಟೆ: ಇಲ್ಲಿ ಪ್ರಜೆಗಳಿದ್ದರು. ಹುಲಿ ಹೊಡೆದ ಚಿತ್ರ, ಆಳುವವರು ಯಾರೆಂದು ಅವರಿಗೆ ತೋರಿಸುವ ಫರ್ಮಾನಾಗಿತ್ತು. ಹಿಮದಲ್ಲಿ ಹಾಗೆ ತೋರಿಸಿ ಹೆದರಿಸಲು ಯಾರೂ ಇರಲಿಲ್ಲ. ದರ್ಪಕ್ಕೆ ಪ್ರೇಕ್ಷಕರಿಲ್ಲದ ಕಡೆ ಕುತೂಹಲಕ್ಕೆ ಜಾಗ ಸಿಕ್ಕಿತು.

ನಮ್ಮವರಲ್ಲೂ ಈ ಕುತೂಹಲ ಮೂಡದೆ ಇರಲಿಲ್ಲ. 1931-32ರಲ್ಲಿ ಸಲೀಂ ಅಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಆಗಿನ ರೂಢಿಯಂತೆ ಹಕ್ಕಿಗಳನ್ನು ಹೊಡೆದು ಮಾದರಿ ಸಂಗ್ರಹಿಸುವ ಕೆಲಸವೂ ಅದರಲ್ಲಿತ್ತು. ಅದೇ ಸಲೀಂ ಅಲಿ ಮುಂದೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಹಾರಿಬಿಡುವ ದೊಡ್ಡ ಅಧ್ಯಯನದ ಮುಂದಾಳಾದರು. ಹಿಮಖಂಡಕ್ಕೆ ಭಾರತದ ಮೊದಲ ತಂಡವನ್ನು ಕರೆದೊಯ್ದವರು ಅಲಿಗಢದಲ್ಲಿ ಕಲಿತ ಕಡಲ ಜೀವವಿಜ್ಞಾನಿ ಸೈಯದ್ ಜಹೂರ್ ಖಾಸಿಂ. 1981ರ ಡಿಸೆಂಬರಿನಲ್ಲಿ ಗೋವಾದಿಂದ ಹೊರಟ ಅವರ 21 ಜನರ ತಂಡ 1982ರ ಜನವರಿ 9ರಂದು ಅಂಟಾರ್ಕ್ಟಿಕಾ ಮುಟ್ಟಿತು.

ಈಗ ಅಲ್ಲಿನ ಪ್ರಾಣಿಗಳ ಚಿತ್ರವನ್ನು ಉಪಗ್ರಹಗಳೂ ತೆಗೆಯುತ್ತವೆ. ಬಿಳಿ ಹಿಮದ ಮೇಲೆ ಹಿಕ್ಕೆಯ ಕಂದು ಕಲೆ ಕಂಡರೆ ಅಲ್ಲಿ ಎಂಪರರ್ ಪೆಂಗ್ವಿನ್‌ಗಳ ವಸತಿಯಿದೆ ಎಂದರ್ಥ. 2022ರ ಕೊನೆಗೆ ಬೆಲಿಂಗ್ಸ್‌ಹೌಸನ್ ಸಮುದ್ರದ ಐದು ವಸತಿಗಳ ಪೈಕಿ ನಾಲ್ಕರಲ್ಲಿ, ಮರಿಗಳಿಗೆ ನೀರು ತಡೆಯುವ ಗರಿ ಮೂಡುವ ಮೊದಲೇ ಕಾಲಕೆಳಗಿನ ಹಿಮ ಒಡೆಯಿತು. ಒಂದು ಮರಿಯೂ ಉಳಿದಿರಲಾರದೆಂದು ಆ ಚಿತ್ರಗಳನ್ನು ನೋಡಿದ ವಿಜ್ಞಾನಿಗಳು 2023ರಲ್ಲಿ ಬರೆದರು. ಬಂದೂಕು ಹಿಡಿದವರು ಯಾರೂ ಅಲ್ಲಿರಲಿಲ್ಲ. ನಮ್ಮೆಲ್ಲರ ಒಲೆ, ವಾಹನ, ಕಾರ್ಖಾನೆಗಳ ಹೊಗೆಯಿಂದ ಏರುತ್ತಿರುವ ಬಿಸಿಗೆ ಆ ಹಿಮ ಕರಗುತ್ತಿದೆ.

ಧ್ರುವ ನಮಗೆ ಅಷ್ಟೇನೂ ದೂರವಿಲ್ಲ. ಉತ್ತರಧ್ರುವದ ಅಂಚಿನ ಬಯಲುಗಳಲ್ಲಿ ಮೊಟ್ಟೆಯಿಡುವ ಸ್ಟಿಂಟ್ ಎಂಬ ಗುಬ್ಬಚ್ಚಿ ಗಾತ್ರದ ಹಕ್ಕಿ ಚಳಿಗಾಲ ಕಳೆಯಲು ದಖ್ಖನಿನ ಕೆರೆಯಂಗಳಗಳಿಗೆ ಬರುತ್ತದೆ. ಪ್ರಾಣಿಪಕ್ಷಿಗಳೂ ನಮ್ಮಂತೆಯೇ ಉಮ್ಮತ್‌ಗಳೆಂದು ಕುರ್‌ಆನ್ ತಿಳಿಸುತ್ತದೆ. ಹಾಗಾದರೆ ಇದು ನಮ್ಮ ಮನೆಗೆ ಬಂದ ಮೆಹಮಾನ್. ಅದನ್ನು ನೋಡಲು ಹಿಮಖಂಡಕ್ಕೆ ಹೋಗಬೇಕಿಲ್ಲ, ಕೆರೆ ಉಳಿದಿದ್ದರೆ ಸಾಕು. ಬೀದರ್ ಸೀಮೆಯ ಬಯಲುಗಳಲ್ಲಿ ಕೃಷ್ಣಮೃಗಗಳೂ ಇನ್ನೂ ಇವೆ.

ಬಾಗ್‌ಸವಾರ್ ಎಂದರೆ ಹುಲಿಯ ಸವಾರ. ಕಲ್ಯಾಣದ ಜನ ತಮ್ಮ ಸಂತನನ್ನು ಜೀವಂತ ಹುಲಿಯ ಮೇಲೆ ಕೂರಿಸಿ ನೆನೆದರು, ವೈಸರಾಯ್ ತನ್ನನ್ನು ಸತ್ತ ಹುಲಿಯ ಜೊತೆ ನೆನೆಯಬೇಕೆಂದು ಬಯಸಿದ. ಎರಡೂ ನಮ್ಮ ಪರಂಪರೆಯಲ್ಲೇ ಇವೆ. ಕೃಷ್ಣಮೃಗದ ಚಿತ್ರವನ್ನು ನಮ್ಮ ಮೊಮ್ಮಕ್ಕಳು ಯಾವ ಬಗೆಯದಾಗಿ ನೋಡುತ್ತಾರೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.