ಹ್ಯಾಮ್ ರೇಡಿಯೊ: ಕರ್ನಾಟಕದಲ್ಲಿ

ಸರ್ಕಾರದ ಲೈಸೆನ್ಸ್ ಪಡೆದು, ಹಣದ ಆಸೆಯಿಲ್ಲದೆ, ಸ್ವಂತ ಟ್ರಾನ್ಸ್‌ಮಿಟರ್‌ನಿಂದ ದೂರದವರೊಡನೆ ಮಾತಾಡುವ ಹವ್ಯಾಸ. ಭಾರತದಲ್ಲಿ ಇದು 1921ರ ಹೊತ್ತಿಗೆ ಕಲ್ಕತ್ತದಲ್ಲಿ ತಲೆಯೆತ್ತಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ‘ಆಕಾಶವಾಣಿ’ ಎಂಬ ಪ್ರಸಾರ ಕೇಂದ್ರ ಆರಂಭಿಸಿದರು. ಇಂದು ಹ್ಯಾಮ್ ಒಬ್ಬ ಅದನ್ನು ಮಾಡಿದರೆ ಲೈಸೆನ್ಸ್ ಹೋಗಬಹುದು: ಹಾಡು, ಸುದ್ದಿ ಪ್ರಸಾರ ಮಾಡುವುದು ಹ್ಯಾಮ್‌ಗಳಿಗೆ ನಿಷಿದ್ಧ. ಬೆಂಗಳೂರಿನ ಅಮೆಚೂರ್ ರೇಡಿಯೊ ಕ್ಲಬ್ 1959ರದು.

ತರಂಗಾಂತರ ಯಾರೊಬ್ಬರ ಸ್ವತ್ತೂ ಅಲ್ಲವಾದ್ದರಿಂದ ಹಂಚಿಕೆಯ ಜಗಳ ತಪ್ಪದು. 7100ರಿಂದ 7200 ಕಿಲೋಹರ್ಟ್ಸ್‌ವರೆಗಿನ ಪಟ್ಟಿ ಏಷ್ಯಾದಲ್ಲಿ ಬಹುಕಾಲ ಶಾರ್ಟ್‌ವೇವ್ ಪ್ರಸಾರ ಕೇಂದ್ರಗಳ ಕೈಯಲ್ಲಿತ್ತು. ಹ್ಯಾಮ್‌ನ ನೂರು ವ್ಯಾಟ್‌ನ ಸೆಟ್ಟು ಅವುಗಳ ಕಿಲೋವ್ಯಾಟ್‌ಗಳೆದುರು ಏನು ಮಾಡೀತು? 2003ರ ಜಾಗತಿಕ ರೇಡಿಯೊ ಸಮ್ಮೇಳನದ ತೀರ್ಮಾನದಂತೆ 2009ರ ಮಾರ್ಚ್ 29ರಂದು ಪ್ರಸಾರ ಕೇಂದ್ರಗಳು ಆ ಜಾಗ ತೆರವು ಮಾಡಬೇಕಾಯಿತು. ಹ್ಯಾಮ್‌ಗಳೊಳಗೂ ಶಿಸ್ತುಂಟು. ಮೊದಲು ಕಿವಿಗೊಡಬೇಕು, ‘ಈ ಫ್ರೀಕ್ವೆನ್ಸಿಯಲ್ಲಿ ಯಾರಾದರೂ ಇದ್ದೀರಾ’ ಎಂದು ಕೇಳಬೇಕು, ಉತ್ತರ ಬಾರದಿದ್ದರೆ ಮಾತ್ರ ಕರೆ ಕೊಡಬೇಕು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂಥ ಘಟ್ಟದ ಬುಡದ ಊರುಗಳಲ್ಲಿ ನೆಲವೂ ಲೆಕ್ಕಕ್ಕೆ ಬರುತ್ತದೆ. 144–146 ಮೆಗಾಹರ್ಟ್ಸ್‌ನ ಅಲೆ ಹೆಚ್ಚುಕಡಿಮೆ ನೇರಕ್ಕೆ ಸಾಗುವುದರಿಂದ ಗುಡ್ಡ ಅಡ್ಡ ಬಂದರೆ ಸಂಪರ್ಕ ಕಷ್ಟ; ಅಲೆಯನ್ನು ಹಿಡಿದು ಮತ್ತೆ ಕಳಿಸುವ ರಿಪೀಟರ್ ಒಂದು ಎತ್ತರದಲ್ಲಿ ಬೇಕು. 7 ಮೆಗಾಹರ್ಟ್ಸ್ ಹಾಗಲ್ಲ. ಎರಡು ಅಡಿಕೆ ಮರಗಳ ನಡುವೆ ಸುಮಾರು 20 ಮೀಟರ್ ತಂತಿ ಎಳೆದು, ನಡುಮಧ್ಯದಿಂದ ಕೇಬಲ್ ಇಳಿಸಿದರೆ ಅಲೆ ಮೇಲೇರಿ, ಅಯಾನುಗೋಳಕ್ಕೆ ತಾಗಿ, ಹಗಲಲ್ಲಿ ಘಟ್ಟದಾಚೆಯ ಬೆಂಗಳೂರಿನಲ್ಲಿ ಇಳಿಯುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು, ನೇತ್ರಾವತಿ ಉಕ್ಕಿ, ಮೊಬೈಲ್ ಟವರುಗಳು ಸತ್ತಾಗ ನೆಚ್ಚಬಹುದಾದದ್ದು ಇದೇ. ಕಾರ್ ಬ್ಯಾಟರಿಯೊಂದಿದ್ದರೆ ಸೆಟ್ಟು ನಡೆಯುತ್ತದೆ.

ಇಸ್ರೊ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಗಳ ಉಪಗ್ರಹ ಹ್ಯಾಮ್‌ಸ್ಯಾಟ್‌ಗಂತೂ ಗುಡ್ಡಗಳ ಹಂಗೇ ಇರಲಿಲ್ಲ. ಬ್ಯಾಟರಿ ಕೆಟ್ಟು 2014ರಲ್ಲಿ ಅದು ಮೌನವಾಯಿತು.

ಈಗಿನ ತೊಡಕು ಬೇರೆ ಕೇಂದ್ರಗಳದ್ದಕ್ಕಿಂತ ಹೆಚ್ಚಾಗಿ ಮನೆಯೊಳಗಿನದು. ಅಗ್ಗದ ಎಲ್‌ಇಡಿ ಬಲ್ಬು, ಇನ್ವರ್ಟರ್, ಚಾರ್ಜರ್‌ಗಳು ಹೊರಡಿಸುವ ಗದ್ದಲದಲ್ಲಿ ಸಣ್ಣ ದನಿ ಮುಳುಗಿಹೋಗುತ್ತದೆ. ಇದಕ್ಕೆ ಯಾವ ಸಮ್ಮೇಳನವೂ ಗಡುವು ಹಾಕಿಲ್ಲ.

12 ವರ್ಷ ತುಂಬಿದವರು ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಕಲಿಯಬೇಕಿಲ್ಲ.