ಯಾರ ಮೊಳವೂ ಅಲ್ಲದ ಅಳತೆ

ಹೂವಾಡಗಿತ್ತಿಯ ಮೊಳ ಬೇರೆ, ನನ್ನ ಮೊಳ ಬೇರೆ. ಗೇಣು, ಮೊಳ, ಮಾರು ಎಲ್ಲವೂ ಅಳೆಯುವವರ ಮೈಯಿಂದ ಬಂದವು. ಈ ತಕರಾರು ತಪ್ಪಿಸಲು 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸ್ ಭೂಮಿಯನ್ನೇ ಅಳೆದು ಮೀಟರ್ ರೂಪಿಸಿತು. ಆದರೆ ಭೂಮಿಯೂ ಹಲವು ಗ್ರಹಗಳಲ್ಲಿ ಒಂದು ತಾನೇ?

1874ರಲ್ಲಿ ಐರ್ಲೆಂಡಿನ ಜಾರ್ಜ್ ಜಾನ್‌ಸ್ಟನ್ ಸ್ಟೋನಿ ಬೆಳಕಿನ ವೇಗ, ಗುರುತ್ವ ಸ್ಥಿರಾಂಕ, ವಿದ್ಯುದಾವೇಶದ ಅತಿ ಚಿಕ್ಕ ಪ್ರಮಾಣ, ಈ ಮೂರರಿಂದ ಪ್ರಕೃತಿಯದೇ ಮೂಲಮಾನಗಳನ್ನು ಸೂಚಿಸಿದರು. 1899ರಲ್ಲಿ ಬರ್ಲಿನ್ನಿನಲ್ಲಿ ಮ್ಯಾಕ್ಸ್ ಪ್ಲಾಂಕ್ ತಾವು ಕಂಡುಕೊಂಡ ಹೊಸ ಸ್ಥಿರಾಂಕವನ್ನೂ ಸೇರಿಸಿ ಉದ್ದ, ದ್ರವ್ಯರಾಶಿ, ಕಾಲ, ಉಷ್ಣತೆಗಳಿಗೆ ಮಾನ ಕೊಟ್ಟರು. ಅನ್ಯಲೋಕದವರಿಗೂ ಇವು ಸಲ್ಲುತ್ತವೆ ಎಂದರು.

ಇದು ಒಗಟಲ್ಲ. ಡೊಂಬಿವಿಲಿ ಎಷ್ಟು ದೂರ ಎಂದರೆ ನಾವು ಮುಂಬೈಯವರು ‘ಒಂದೂಕಾಲು ಗಂಟೆ’ ಎನ್ನುತ್ತೇವೆ. ಬೆಳಕಿನ ವೇಗವನ್ನು 1 ಎಂದಿಟ್ಟುಕೊಂಡ ಭೌತವಿಜ್ಞಾನಿಗಳೂ ಹೀಗೆಯೇ ದೂರವನ್ನು ಕಾಲದಲ್ಲಿ ಹೇಳುತ್ತಾರೆ. ನಮ್ಮ ಲೋಕಲ್ ತಡವಾಗಬಹುದು. ನಿರ್ವಾತದಲ್ಲಿ ಬೆಳಕಿನ ವೇಗ ಬದಲಾಗದು.

ಪ್ಲಾಂಕ್ ಉದ್ದವನ್ನು ಮೀಟರಿನಲ್ಲಿ ಬರೆಯಲು ದಶಮಾಂಶ ಬಿಂದುವಿನ ನಂತರ 34 ಸೊನ್ನೆ ಬೇಕು. ಅದರಿಂದ ಸೀರೆ ಅಳೆಯಲಾಗದು. ಆದರೂ 2019ರ ಮೇ 20ರಿಂದ ಕಿಲೋಗ್ರಾಂ, ಪ್ಯಾರಿಸ್ ಬಳಿ ಇಟ್ಟಿದ್ದ ಲೋಹದ ಉರುಳೆಯನ್ನು ಬಿಟ್ಟು, ಪ್ಲಾಂಕ್ ಸ್ಥಿರಾಂಕವನ್ನು ಆಧರಿಸಿದೆ. ನಾವು ತರುವ ಒಂದು ಕಿಲೋ ಅಕ್ಕಿಗೂ ಈಗ ಅದೇ ಆಧಾರ.